ಬರ್ತೀನಿ ಅಂದಿದ್ದಕ್ಕೆ

ಶನಿವಾರ, ಜೂನ್ ೧೪

ಆಟ ತಾನೇ, ಮಲಗಿಬಿಡೋಣ ಎಂದರೆ ಆ ಮುದುಕಿಯ ದನಿ ಕಿವಿ ಬಿಟ್ಟು ಹೋಗುತ್ತಿಲ್ಲ. ದನಿ ಅಕ್ಕನದೇ. ಅವಳ ಮನೆಯಲ್ಲಿ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುವ ನಮ್ಮ ಆಟದಲ್ಲಿ ಕಥೆ ನಡೆಸುವವಳು, ಉಳಿದ ಪಾತ್ರಗಳಿಗೆಲ್ಲ ದನಿ ಕೊಡುವವಳು ಅವಳು. ನನ್ನ ಪಾತ್ರ ರಕ್ತಪಿಶಾಚಿ. ಮನೆಯವರು ‘ಬಾ’ ಎನ್ನದೆ ಅವನು ಯಾರ ಹೊಸ್ತಿಲನ್ನೂ ದಾಟುವಂತಿಲ್ಲ, ಅದು ಆಟದ ನಿಯಮ.

ಈಚೆಗೆ ಅವನು ಎಷ್ಟೋ ಸುಧಾರಿಸಿದ್ದ. ಕೊಲೆಗಡುಕರ ರಕ್ತವನ್ನಷ್ಟೇ ಕುಡಿಯುತ್ತಿದ್ದ. ಇವತ್ತು ಹಸಿವು ತಲೆಗೇರಿ, ತನ್ನ ಹರಿದ ಕೋಟು ಹೊಲಿದುಕೊಟ್ಟ ಮುದುಕಿಯ ಬಾಗಿಲಲ್ಲಿ ನಿಂತಿದ್ದ. ಅವಳನ್ನು ಉಳಿಸಬೇಕೆಂದೇ ಬಾಗಿಲಿಂದಲೇ ವಾಪಸು ಹೊರಟೆ. ಹೊರಡುವಾಗ ಅಭ್ಯಾಸಬಲದಿಂದ, “ಬರ್ತೀನಿ ಅಜ್ಜಿ” ಅಂದೆ.

“ಹ್ಞೂಂ, ಬಾ ಮಗಾ” ಅಂದಳು ಅಕ್ಕ, ಅಜ್ಜಿಯ ದನಿಯಲ್ಲಿ.

ಮೇಜಿನ ಸುತ್ತ ಎಲ್ಲರೂ ನಕ್ಕರು. ಅಕ್ಕ ನಾಲಿಗೆ ಕಚ್ಚಿಕೊಂಡಳು. “ಲೋ, ಅದು ಕಳಿಸಿಕೊಡೋ ಬಾ ಕಣೋ. ಒಳಗೆ ಬಾ ಅಂತಲ್ಲ.”

“ಬಾ ಅಂದಮೇಲೆ ಆಯ್ತಲ್ಲ” ಅಂದೆ.

“ನಿಜವಾಗ್ಲೂ ಒಳಗೆ ಹೋಗ್ತೀಯಾ?”

ಇಲ್ಲ ಅಂದಿದ್ದರೆ ಸಾಕಿತ್ತು. ಹೋದೆ. ಕೋಟಿನ ಗುಂಡಿ ಗಟ್ಟಿಯಾಗಿ ನಿಂತಿದೆಯಾ ಎಂದು ಅಜ್ಜಿ ಕೇಳುತ್ತಿದ್ದಳು, ಅಷ್ಟರಲ್ಲಿ ಅವಳ ಕಥೆ ಮುಗಿಯಿತು. ಹಸಿವು ಅವನದು, ಸರಿ. ಆ ಒಂದು ಮಾತಿನಲ್ಲಿ ಸಂದು ಹುಡುಕಿದವನು ಅವನಲ್ಲ, ನಾನು. ಸಿಕ್ಕಾಗ ಖುಷಿಯೂ ಆಗಿತ್ತು. ಥೂ.

ಆಮೇಲೆ ಯಾರಿಗೂ ಆಟ ಮುಂದುವರಿಸುವ ಮನಸ್ಸಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು “ಬರ್ತೀನಕ್ಕ” ಅಂದೆ. ಅಕ್ಕ ಬಾಗಿಲು ಹಿಡಿದು ನಿಂತಿದ್ದಳು. ಬುದ್ಧಿ ಬಂದಾಗಿನಿಂದ ಅವಳು ‘ಹ್ಞೂಂ, ಬಾ’ ಎನ್ನದೆ ನನ್ನನ್ನು ಕಳಿಸಿದ್ದಿಲ್ಲ.

“ಹೋಗು” ಅಂದಳು.