ಹೆಬ್ಬೆರಳಿನ ಆರು ಕಿಲೋ

ಜನವರಿ 11, ಭಾನುವಾರ

ಬೆಳಿಗ್ಗೆ ಬಂದರಿನಲ್ಲಿ ಟೀಮಿನ ತೂಕ. ಮೀನು ತೂಗುವ ಮಿಷನ್ ಮೇಲೆ ಒಬ್ಬೊಬ್ಬರಾಗಿ ಹತ್ತಿದರು — ಹಗ್ಗಜಗ್ಗಾಟದಲ್ಲಿ ಸತತ ಆರು ವರ್ಷ ಶೀಲ್ಡ್ ತಂದ, ನಲವತ್ತು ದಾಟಿದ ಎಂಟು ಮಹನೀಯರು. ಎಂಟೂ ಜನ ಸೇರಿ ಆರುನೂರು ಕಿಲೋ ಮೀರುವಂತಿಲ್ಲ. ಕೊನೆಗೆ ಗಣಪಣ್ಣ. ಹಗ್ಗದ ತುದಿ ಮೈಗೆ ಸುತ್ತಿಕೊಂಡು ಹಿಂದೆ ನಿಲ್ಲುವ ನಮ್ಮ ಲಂಗರು. ಅವರ ಬೆನ್ನ ಹಿಂದೆ ಎಕ್ಸ್‌ಟ್ರಾ ಆಟಗಾರನಾದ ನಾನು, ಪುರೋಹಿತರ ಮುಖ ಮಾಡಿಕೊಂಡು, ಬಲಗಾಲ ಹೆಬ್ಬೆರಳನ್ನು ಮಿಷನ್ ಅಂಚಿಗೆ ಊರಿದೆ. 85ರ ಮನುಷ್ಯ 91. ಒಟ್ಟು 604.

ಇನ್ನೇನು ಹೆಬ್ಬೆರಳಿನ ವಿಷಯ ಹೇಳಿ ನಗಿಸಬೇಕು, ಅಷ್ಟರಲ್ಲಿ ಮ್ಯಾನೇಜರ್ ರಾಜೇಂದ್ರಣ್ಣ ಪುಸ್ತಕ ಮುಚ್ಚಿದರು. "ಸಾಕ್. ಈ ಟೀಮ್ ಮುಗೀತ್. ಹೊಸ ಮಕ್ಳನ್ನ್ ಕಟ್ಟುವ."

ಹೆಬ್ಬೆರಳನ್ನು ಮೆಲ್ಲಗೆ ಚಪ್ಪಲಿಗೆ ತೂರಿಸಿದೆ.

ಜನವರಿ 12

ಫೆಬ್ರವರಿ 1ರ ಬೈಂದೂರು ಟೂರ್ನಮೆಂಟಿನ ಬಗ್ಗೆ ಮೀಟಿಂಗ್. ಅಲ್ಲಿ ಎದುರಾಗುವ ಹುಡುಗರಿಗೆ ಇಪ್ಪತ್ತೈದೂ ಆಗಿಲ್ಲ, ನಮ್ಮವರಲ್ಲಿ ಇಬ್ಬರಿಗೆ ಮಂಡಿನೋವು ಎಂದು ಅರ್ಧ ಜನ. ಒಟ್ಟಿಗೆ ಎಳೆದ ಕೈಗಳನ್ನು ಬಿಡಿಸಬಾರದು ಎಂದು ಉಳಿದರ್ಧ. ಗಣಪಣ್ಣ ಎಲ್ಲಾ ಕೇಳಿ ಕೊನೆಗೆ ಅಂದರು: "ಬೈಂದೂರಿಗ್ ಹೋಪತಿಗೆ ನಾ ತೂಕ ಇಳಿಸ್ತೆ. ಯಾರನ್ನೂ ತೆಗೂದ್ ಬ್ಯಾಡ."

ತೀರ್ಮಾನ: ಮೈದಾನದಲ್ಲಿ ತೂಕ ಸರಿ ಬಂದರೆ ಹಳೇ ಟೀಮು. ಇಲ್ಲದಿದ್ದರೆ ಗಣಪಣ್ಣನ ಜಾಗಕ್ಕೆ ನಾನು. ಅಲ್ಲಿಯತನಕ ಮಿಷನ್ ಹತ್ತುವುದಿಲ್ಲ ಅಂತ ಅವರ ಶಪಥ.

ಇವತ್ತೂ ಹೇಳಲಿಲ್ಲ. ಕಾರಣವನ್ನು ಸದರಿ ದಿನಚರಿ ಪುಸ್ತಕಕ್ಕೆ ತಿಳಿಸತಕ್ಕ ಜರೂರಿಲ್ಲ.

ಜನವರಿ 21

ಮೀನು ಮಾರ್ಕೆಟ್ಟಿನಲ್ಲಿ ಸರೋಜಕ್ಕ — ಗಣಪಣ್ಣನ ಹೆಂಡತಿ — ನಿಲ್ಲಿಸಿದರು. "ಹ್ವಾಯ್ ಉಲ್ಲಾಸ, ಇವ್ರ್ ಹತ್ ದಿನದಿಂದ ಬರೀ ಗಂಜಿ ತೆಳಿ ಕುಡ್ಕಂಡ್ ಬಲೆ ಎಳೂಕ್ ಹೋತ್ರ್. ನೀನಾದ್ರೂ ಹೇಳ್ ಮಗಾ."

ಹೇಳುತ್ತೇನೆ ಅಂದೆ. ಬೇಡ ಅಂದರೂ ಚೀಲಕ್ಕೆ ನಾಲ್ಕು ಬಂಗುಡೆ ಹಾಕಿದರು. ಸಾರು ಚೆನ್ನಾಗಿತ್ತು. ಛೆ.

ಫೆಬ್ರವರಿ 1

ಬೈಂದೂರು. ಗಣಪಣ್ಣ 79. ಒಟ್ಟು 592. ಎಂಟು ಕಿಲೋ ಕಡಿಮೆ! ಗಣಪಣ್ಣ ಅಂಕಿಯನ್ನೇ ನೋಡುತ್ತಾ ನಿಂತರು. ಎದುರು ಟೀಮು 599.

ಸೆಮಿಫೈನಲ್. ಮೊದಲ ಎಳೆತ ನಮ್ಮದು. ಎರಡನೆಯದು ಅವರದು. ಮೂರನೆಯದರಲ್ಲಿ ಗಣಪಣ್ಣನ ಹಿಮ್ಮಡಿ ನೆಲ ಬಿಟ್ಟಿತು. ಆರು ವರ್ಷದಲ್ಲಿ ಒಮ್ಮೆಯೂ ಬಿಟ್ಟದ್ದಲ್ಲ. ಹಗ್ಗ ಅವರನ್ನು ಗೆರೆಯವರೆಗೂ ಎಳೆದುಕೊಂಡು ಹೋಯಿತು, ಮೊಣಕೈಯೆಲ್ಲ ತರಚಿ. ಗ್ಯಾಲರಿಯಲ್ಲಿ ಯಾವನೋ ಜೋಕು ಹೊಡೆದು ನಕ್ಕ. ಅವನ ಜೋಕು ನನ್ನದಕ್ಕಿಂತ ಸಣ್ಣದು.

ಫೆಬ್ರವರಿ 2

ಟೀಮು ಒಡೆಯಿತು. ಎಂಟೂ ಜನ ನಿವೃತ್ತಿ. ಗಣಪಣ್ಣ ಲಂಗರು ಕಟ್ಟಿಕೊಳ್ಳುವ ತಮ್ಮ ಸೊಂಟದ ಪಟ್ಟಿ ತಂದು ನನಗೆ ಕೊಟ್ಟರು. "ಇನ್ ನೀ ನಿಲ್ಲ್. ನಾನೇ ಜಾಸ್ತಿ ಇಳಿಸಿ ಎಲ್ಲರನ್ನೂ ಹಾಳ್ ಮಾಡ್ದೆ."

ಪಟ್ಟಿಗೆ ಹೊಸ ತೂತು ಕೊರೆದಿದ್ದರು. ಅದರಲ್ಲೂ ನನಗೆ ಸಡಿಲ.

ನಗಿಸೋಕಷ್ಟೇ ಒತ್ತಿದ್ದು. ಮೊದಲ ದಿನ. ಆಮೇಲಿನ ಇಪ್ಪತ್ತು ದಿನ ಸುಮ್ಮನಿದ್ದದ್ದು — ಆ ಪಟ್ಟಿ ಬೇಕಿತ್ತು. ಬರೆದಾಯಿತು.

ಫೆಬ್ರವರಿ 6

ಪಟ್ಟಿ ಹಿಡಿದು ಅವರ ಮನೆಗೆ ಹೋದೆ. ಊಟಕ್ಕೆ ಕೂತಿದ್ದರು. ಸರೋಜಕ್ಕ ನನಗೂ ಬಟ್ಟಲಿಟ್ಟರು. ಕೂರಲಿಲ್ಲ.

"ಗಣಪಣ್ಣ, ಆವತ್ತ್ ಬಂದರಲ್ಲಿ, ಆ ಮಿಷನ್ ಮೇಲೆ..."

ತುತ್ತು ಹಿಡಿದೇ ನನ್ನ ಬಲಗಾಲು ನೋಡಿದರು. ಆಮೇಲೆ ಅಂದರು: "ಹಾಂಗಾರೆ ಆ ಆರ್ ಕಿಲೋ ನಿನ್ ಹೆಬ್ಬೆರಳಿಂದ್; ಪಟ್ಟಿ ಅಲ್ಲಿಡ್, ಉಂಬುಕ್ ಕೂಕೋ."