ಗುಡ್ಡದ ಮೇಲಿನ ಸುಣ್ಣದ ಗೆರೆ

ಬಾದಾಮಿ
೧೮ ಸೆಪ್ಟೆಂಬರ್ ೧೯೮೩

ಕಲಾದಗಿಯ ನನ್ನ ಅಕ್ಕ ಗುರುಲಿಂಗವ್ವನಿಗೆ ತಂಗಿ ಸಾವಿತ್ರೆವ್ವನ ಶರಣು.

ತುಂಬಿದ ಸಭೆಯಲ್ಲಿ ನಾನು ಗಂಡನಿಗೆ ಎದುರು ನಿಂತ ಸುದ್ದಿ ನಿನ್ನ ಕಿವಿಗೂ ಬಿದ್ದಿದೆಯಂತೆ. ಖರೆ ಅಕ್ಕ, ನಿಂತೆ. ಏನಾಯಿತೆಂದು ನನ್ನಿಂದಲೇ ಕೇಳು.

ನಮ್ಮ ಅಕ್ಕ-ತಂಗಿ ಜಲಪಾತದ ನೆತ್ತಿಯವರೆಗೆ ಬಂಡೆ ಸಿಡಿಸಿ ಮೋಟಾರು ರಸ್ತೆ, ಮೇಲೊಂದು ಹೋಟೆಲು ಮಾಡಬೇಕೆಂದು ಪ್ರವಾಸಿ ಇಲಾಖೆಯ ಸಾಹೇಬರೊಬ್ಬರು ಬಂದಿದ್ದರು. ಬಂಡೆಯ ಮೇಲೆ ಸುಣ್ಣದ ಗೆರೆಯನ್ನೂ ಎಳೆಸಿದರು. ಸ್ಟೇಶನ್ನಿನಿಂದ ಪ್ರವಾಸಿಗರನ್ನು ಜೀಪಿನಲ್ಲಿ ತರುವ ನಮ್ಮ ಮನೆಯವರಿಗಂತೂ ಹಿಗ್ಗೋ ಹಿಗ್ಗು. ನನಗೆ ಮಾತ್ರ ನೀರಿನದೇ ಚಿಂತೆ. ಆ ಬಂಡೆಯ ನೀರೇ ಅಲ್ಲವೇ ನಮ್ಮೂರ ಹೊಂಡಕ್ಕೆ ಇಳಿಯುವುದು?

ಸಾಹೇಬರು ಕರೆದ ಊರ ಸಭೆಯಲ್ಲಿ ಎದ್ದು, "ಸಾಹೇಬ್ರ, ಒಂದು ಮಳಿ ಬರೂತನಕ ತಡೀರಿ. ನೀರಿನ ದಾರಿ ನಾ ತೋರಸ್ತೇನಿ" ಎಂದೆ. ಗಂಡಸರೆಲ್ಲ ನಕ್ಕರು. ಮನೆಯವರು, "ಏ, ಮನಿಗೆ ನಡಿ" ಎಂದು ಗದರಿದರು. ಆಮೇಲೆ ಮೂರು ದಿನ ಅವರ ತಾಟಿಗೆ ರೊಟ್ಟಿ ಹಾಕಿ ಬೆನ್ನು ತಿರುಗಿಸಿ ಹೋಗುತ್ತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಮಳೆ ಹೊಡೆಯಿತು ನೋಡು! ನಾನೂ ನೆರೆಯ ಹುಸೇನಬಿಯೂ ಪ್ರವಾಸಿ ಮಂದಿರಕ್ಕೆ ಓಡಿ ಸಾಹೇಬರನ್ನು ಕರೆದೆವು. ಅವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಹತ್ತಿದರು. ಬಂಡೆಯ ತುಂಬ ಮೊಣಕಾಲುದ್ದ ನೀರು, ಹಾಲಿನಂತೆ ನೊರೆ.

"ಸುಣ್ಣದ ಗೆರಿನ ನಿಲ್ಲಲಿಲ್ರಿ, ಹೋಟೆಲ್ ಹೆಂಗ್ ನಿಂತೀತು?" ಎಂದೆ.

ತೊಯ್ದು ತೊಪ್ಪೆಯಾಗಿದ್ದ ಸಾಹೇಬರು ಗಹಗಹಿಸಿ ನಕ್ಕುಬಿಟ್ಟರು.

ಅವರೇ ಆ ಯೋಜನೆ ಕೈಬಿಡಿಸಿದರು; ಈಗ ರಸ್ತೆ ಇಲ್ಲ, ಹೋಟೆಲಿಲ್ಲ. ಮೋಟಾರುಗಳು ಕೆಳಗೇ ನಿಲ್ಲುತ್ತವೆ, ಹಳೆಯ ಮೆಟ್ಟಿಲು ರಿಪೇರಿಯಾಗಿದೆ. ಬುಡದಲ್ಲಿ ರೊಟ್ಟಿ-ಝುಣಕ ಮಾರಲು ನಾವು ನಾಲ್ಕು ಹೆಣ್ಣುಮಕ್ಕಳಿಗೆ ಜಾಗ ಸಿಕ್ಕಿದೆ. ಊಟ ಮುತ್ತುಗದ ಎಲೆಯಲ್ಲೇ. ಉಂಡ ಎಲೆ ದನಗಳಿಗೆ. ಮೊದಲ ದಿನ ಮನೆಯವರೇ ಜೀಪು ತುಂಬ ಜನ ತಂದು ಕೂಗಿದರು: "ನಡ್ಕೊಂತ ಹತ್ತರಿ, ಭಾಳ ಹಸಿವಾಗ್ತೈತಿ. ಇಳದ ಮ್ಯಾಲೆ ನಮ್ಮಾಕಿ ಕೈ ರೊಟ್ಟಿ ಐತಿ!" ನಾನು ತವೆಯ ಕಡೆ ಮುಖ ತಿರುಗಿಸಿ ನಕ್ಕೆ.

ನಿನ್ನ ಪ್ರೀತಿಯ,
ಸಾವಿತ್ರೆವ್ವ

ತಾ.ಕ.: ಪಂಚಮಿಗೆ ನೀನು ಕರೆದಾಗ ಕಾಲುನೋವೆಂದು ಬರಲಿಲ್ಲ. ಅದು ಸುಳ್ಳು, ಸಿಟ್ಟಾಗಬೇಡ. ಮುದುಕ ಗೈಡ್ ಅಮಸಿದ್ದಪ್ಪ ಕಾಕಾನ ಹಿಂದೆ ದಿನಾ ಗುಹೆ ಸುತ್ತಿ ಆ ವಿದ್ಯೆ ಕಲಿಯುತ್ತಿದ್ದೆ. ಮೊನ್ನೆ ಧಾರವಾಡದ ಶಾಲೆಯ ಅಕ್ಕೋರುಗಳ ಗುಂಪಿಗೆ ನಾನೇ ಗುಹೆ ತೋರಿಸಿದೆ. ಮುಗಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದದ್ದು ಯಾರೆಂದು ತಿರುಗಿ ನೋಡಿದರೆ, ಕಂಬದ ಹಿಂದೆ ನಮ್ಮ ಮನೆಯವರು!