ಏಳನೆಯ ಮೇಜು

ಪ್ರೀತಿಯ ಡ್ರೀಮಾ,

ಇದನ್ನು ಲಾಕರ್ ಮುಂದೆ ನಿಂತು ಓದಬೇಡ, ಕಾರಿನಲ್ಲಿ ಕೂತು ಓದು. ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ಇದ್ದಿದ್ದರೆ ನಾಲ್ಕು ವರ್ಷದ ಹಿಂದೆಯೇ ಹೇಳುತ್ತಿದ್ದೆ.

ಸುಸ್ತಾಗಿದೆ ಕಣೇ. ಎರಡು ವರ್ಷದ ಪದವಿಗೆ ಆರು ವರ್ಷ ಎಳೆದ ಸುಸ್ತು. ಬೆಳಿಗ್ಗೆ ವೃದ್ಧಾಶ್ರಮದಲ್ಲಿ ಮುದುಕರನ್ನು ಎಬ್ಬಿಸಿ, ತೊಳೆದು, ಉಣ್ಣಿಸಿ, ಸಂಜೆ ಅದೇ ಕೊಳೆ ಬಟ್ಟೆಯಲ್ಲಿ ಕಮ್ಯುನಿಟಿ ಕಾಲೇಜಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸಿದ್ದು ಸಾಕಾಗಿದೆ. ಆರೋಗ್ಯ ವಿಜ್ಞಾನದ ಆ ನರ್ಸಿಂಗ್ ಪದವಿ ಪತ್ರ ಈಗ ಫ್ರಿಜ್ ಮೇಲೆ ಬಿದ್ದಿದೆ, ಚೌಕಟ್ಟು ಹಾಕಿಸಿಲ್ಲ. ನೋಡಿದರೆ ಸಂತೋಷವಾಗಬೇಕಲ್ಲವೇ? ನನಗೆ ನಿದ್ದೆ ಬರುತ್ತದೆ, ಅಷ್ಟೇ.

ನಿನ್ನೆ ಊಟದ ಕೋಣೆಯಲ್ಲಿ ನೀನೇ ಕೇಕ್ ತಂದು ನೀನೇ ಕತ್ತರಿಸಿದೆ. "ಎಲ್ರೂ ಕೇಳಿ! ಸೋಮವಾರದಿಂದ ಟ್ವೈಲಾ ನರ್ಸಮ್ಮ. ಇನ್ಮೇಲೆ ಬೆಡ್‌ಪ್ಯಾನ್ ಹಿಡಿಯೋಕೆ ಕರೀಬೇಡಿ, ಮೂಗು ಮುರೀತಾಳೆ!" ಎಂದು ಕೂಗಿದೆ. ತೊಂಬತ್ತರ ಮಿಸ್ ಓಪಲ್ ತನ್ನ ಗಾಲಿಕುರ್ಚಿಯಿಂದಲೇ, "ಹಾಗಾದ್ರೆ ನನ್ನ ಬೆನ್ನು ಯಾರು ಕೆರೀತಾರೆ?" ಎಂದಳು. ಎಲ್ಲರೂ ನಕ್ಕರು. ಆಮೇಲೆ ನೀನು ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದೆ, "ನಾನಂತೂ ದಡ್ಡಿ, ನನ್ನ ತಲೇಲಿ ಬರೀ ಮಣ್ಣು. ನಮ್ಮಿಬ್ರಲ್ಲಿ ಒಬ್ಳಾದ್ರೂ ದಾಟಿದ್ಳಲ್ಲ, ಸಾಕು ಬಿಡು." ಕೇಕಿನ ತಟ್ಟೆಯನ್ನು ನಾನು ಹಾಗೇ ಮೇಜಿನ ಮೇಲಿಟ್ಟೆ. ಸೋಮವಾರದಿಂದ ನಾನು ಹೇಳಿದ ಕೆಲಸ ನೀನು ಮಾಡಬೇಕು. ಅದಕ್ಕೆ ಮೊದಲು ಇದು ನಿನಗೆ ಗೊತ್ತಾಗಬೇಕು.

ನಾಲ್ಕು ವರ್ಷದ ಹಿಂದಿನ ಅಂಗರಚನಾಶಾಸ್ತ್ರದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ನೆನಪಿದೆಯಾ? ನೀನು ಅದನ್ನು ಮರೆಯಲು ನೋಡಿದ್ದೀಯ, ನನಗೆ ಮರೆಯಲು ಆಗಿಲ್ಲ. ಹಿಂದಿನ ದಿನ ಓದಿಕೊಳ್ಳುತ್ತೇನೆಂದು ನಾನು ರಜೆ ಹಾಕಿದ್ದೆ. ನನ್ನ ಪಾಳಿಯನ್ನೂ ನೀನೇ ಮಾಡಿದೆ. ಹದಿನಾರು ಗಂಟೆ ದುಡಿದು, ಪೆಪ್ಪರೋನಿ ರೋಲ್ ಒಂದನ್ನು ಬಾಯಿಗೆ ತುರುಕಿಕೊಂಡು ಪರೀಕ್ಷೆಗೆ ಬಂದೆ. ಕಣ್ಣು ಕೆಂಪಗಿತ್ತು. "ಎಲುಬುಗಳು ಎಲ್ಲೂ ಓಡಿಹೋಗಲ್ಲ ಬಿಡೇ, ಅವಕ್ಕೇನು ಕಾಲಿದ್ಯಾ?" ಎಂದು ನಗಿಸಿದೆ.

ಮೂವತ್ತು ಮೇಜು. ಒಂದೊಂದರ ಮೇಲೂ ಒಂದು ಎಲುಬೋ ಕರುಳೋ, ಅದಕ್ಕೆ ಚುಚ್ಚಿದ ಪುಟ್ಟ ಬಾವುಟ. ಮೇಜಿಗೆ ಒಂದು ನಿಮಿಷ. ಗಂಟೆ ಹೊಡೆದರೆ ಮುಂದಕ್ಕೆ. ಪ್ರೂಯಿಟ್ ಮೇಷ್ಟ್ರು ಮೊದಲೇ ಗುಡುಗಿದ್ದರು, "ಯಾರಾದ್ರೂ ತುಟಿ ಪಿಟಕ್ ಅಂದ್ರೆ ಹಾಳೆ ಕಿತ್ಕೊಂಡು ಸೊನ್ನೆ. ಮಾತಾಡಿದೋರಿಗೂ ಸೊನ್ನೆ, ಕೇಳಿಸ್ಕೊಂಡೋರಿಗೂ ಸೊನ್ನೆ!" ನೀನು ಒಂದನೆಯ ಮೇಜಿನಿಂದ ಹೊರಟೆ, ನಾನು ನಿನ್ನ ಹಿಂದೆ. ಏಳನೆಯ ಮೇಜು ವಿರಾಮದ್ದು, ಅಲ್ಲಿ ಏನೂ ಇರಲಿಲ್ಲ. ಹಾಳೆಯಲ್ಲಿ ಏಳನೆಯ ಸಾಲನ್ನು ಖಾಲಿ ಬಿಟ್ಟು ಮುಂದೆ ಹೋಗಬೇಕಿತ್ತು.

ನೀನು ಬಿಡಲಿಲ್ಲ. ಎಂಟನೆಯ ಮೇಜಿನ ಉತ್ತರವನ್ನು ಏಳನೆಯ ಸಾಲಿನಲ್ಲಿ ಬರೆದೆ. ಅಲ್ಲಿಂದ ಮುಂದಕ್ಕೆ ಎಲ್ಲವೂ ಒಂದೊಂದು ಸಾಲು ಮೇಲೆ ಹೋಯಿತು. ಕೊನೆಯ ಸಾಲು ಖಾಲಿ ಉಳಿದಾಗಲೂ ನಿನಗೆ ಅನುಮಾನ ಬರಲಿಲ್ಲ, ಅದು ವಿರಾಮದ್ದೇ ಎಂದುಕೊಂಡಿರಬೇಕು.

ನಾನು ಅದನ್ನು ನೋಡಿದೆ, ಡ್ರೀಮಾ. ನೀನು ಎಂಟರಲ್ಲಿದ್ದಾಗ ನಾನು ಏಳರಲ್ಲಿದ್ದೆ. ಒಂದು ಇಡೀ ನಿಮಿಷ ನನಗೆ ಮಾಡಲು ಬೇರೆ ಕೆಲಸವೇ ಇರಲಿಲ್ಲ. ನಿನ್ನ ಹಾಳೆಯನ್ನೇ ನೋಡುತ್ತಾ ನಿಂತಿದ್ದೆ.

ಸೊನ್ನೆಗೆ ಹೆದರಿ ಸುಮ್ಮನಿದ್ದೆ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಸುಳ್ಳು. ಒಂದು ಸಲ ಕೆಮ್ಮಿದ್ದರೆ ಸಾಕಿತ್ತು. ಪರೀಕ್ಷೆ ಮುಗಿದು ಪಾರ್ಕಿಂಗ್ ಜಾಗದಲ್ಲಿ ಇಪ್ಪತ್ತು ನಿಮಿಷ ಹರಟಿದೆವು, ಆಗಲಾದರೂ "ಓಡೇ, ಹೋಗಿ ಮೇಷ್ಟ್ರಿಗೆ ಹೇಳು" ಎನ್ನಬಹುದಿತ್ತು. ನರ್ಸಿಂಗಿಗೆ ಇಪ್ಪತ್ನಾಲ್ಕೇ ಸೀಟು, ಅಂಕದ ಮೇಲೆ. ನೀನು ನನಗಿಂತ ಮುಂದಿದ್ದೆ. ಗಣಿಗಳು ಮುಚ್ಚಿದ ಮೇಲೆ ವೆಸ್ಟ್ ವರ್ಜೀನಿಯಾದ ಈ ಕಣಿವೆಯಲ್ಲಿ ನಮ್ಮಂಥವರಿಗೆ ಅದು ಬಿಟ್ಟರೆ ಬೇರೆ ಬಾಗಿಲು ಯಾವುದಿತ್ತು ಹೇಳು. ಪಟ್ಟಿ ಬಂದಾಗ ಇಪ್ಪತ್ನಾಲ್ಕನೆಯ ಹೆಸರು ನನ್ನದು.

ನಿನಗೆ ಬಂದದ್ದು ಆರು ಅಂಕ, ಆ ವಿಷಯವೇ ಫೇಲಾಯಿತು. ಹಾಳೆ ವಾಪಸ್ ಕೊಡುವ ಪದ್ಧತಿ ಇಲ್ಲ, ಕೇಳಿ ನೋಡಬೇಕು. ನೀನು ನಾಚಿಕೆಯಿಂದ ಕೇಳಲೇ ಇಲ್ಲ. ಪುಸ್ತಕಗಳನ್ನು ನನಗೇ ಕೊಟ್ಟೆ, "ನನಗೆ ಇವು ಹತ್ತಲ್ಲ ಕಣೇ, ನೀನಾದ್ರೂ ಓದು" ಎಂದೆ. ನಿನ್ನ ಅಕ್ಷರದ ಟಿಪ್ಪಣಿ ಓದಿಕೊಂಡೇ ನಾನು ಪಾಸಾದೆ. ಥೂ, ಎಂಥ ಹೆಂಗಸು ನಾನು.

ಕಳೆದ ಮಂಗಳವಾರ ಮೇಷ್ಟ್ರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕಬ್ಬಿಣದ ಬೀರು ತೆಗೆದು ಹಳೆಯ ಕಟ್ಟುಗಳನ್ನು ಕೆದಕಿ ನಿನ್ನ ಹಾಳೆ ಹುಡುಕಿದರು. ಏಳರಿಂದಾಚೆಯ ಉತ್ತರಗಳನ್ನು ಒಂದೊಂದು ಸಾಲು ಕೆಳಗಿಳಿಸಿ, ಕೆಂಪು ಪೆನ್ನಿನಲ್ಲಿ ಮತ್ತೆ ತಿದ್ದಿದರು. ಮುಗಿದ ಮೇಲೆ ಕನ್ನಡಕ ತೆಗೆದರು. "ಹಳೇ ಅಂಕ ಬದಲಾಯಿಸೋಕೆ ನಂಗೆ ಅಧಿಕಾರ ಇಲ್ಲಮ್ಮ. ಆದ್ರೆ ಅವಳು ಬಂದ್ರೆ ನನ್ನ ಕ್ಲಾಸಲ್ಲಿ ಜಾಗ ಇದೆ. ನಿನ್ನ ಹತ್ರ ಮಾತಾಡೋಕೆ ಮಾತ್ರ ನಂಗೆ ಇವತ್ತು ಮನಸ್ಸಿಲ್ಲ," ಎಂದರು. ಸರಿಯಾಗೇ ಅಂದರು.

ನೀನು ಪಾಸಾದ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಎಲ್ಲ ಐದು ವರ್ಷ ಮಾತ್ರ ನಡೆಯುತ್ತವೆ, ಆಮೇಲೆ ಕಾಲೇಜು ಒಪ್ಪುವುದಿಲ್ಲ. ಮೇಷ್ಟ್ರ ಆಗಸ್ಟಿನ ತರಗತಿಗೆ ಸೇರಿದರೆ ಅವು ಉಳಿಯುತ್ತವೆ, ತಪ್ಪಿದರೆ ಎಲ್ಲ ಮೊದಲಿಂದ. ಹೆಸರು ಬರೆಸಲು ಈ ಶುಕ್ರವಾರ ನಾಲ್ಕು ಗಂಟೆ ಕೊನೆ. ಕ್ಲಾಸಿರುವ ಮಂಗಳವಾರ, ಗುರುವಾರದ ನಿನ್ನ ಪಾಳಿ ನಾನು ಮಾಡುತ್ತೇನೆ, ಮೇಲ್ವಿಚಾರಕಿಯನ್ನು ಒಪ್ಪಿಸಿದ್ದೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಸೋಮವಾರ ಎಲ್ಲರೆದುರು ಮುಖಕ್ಕೆ ಉಗಿದರೂ ಒರೆಸಿಕೊಂಡು ಮುಂದಿನ ಕೋಣೆಗೆ ಹೋಗುತ್ತೇನೆ. ಆದರೆ ನನ್ನ ಮೇಲಿನ ಸಿಟ್ಟಿಗೆ ಶುಕ್ರವಾರವನ್ನು ಕಳೆದುಕೊಳ್ಳಬೇಡ, ನಿನ್ನ ದಮ್ಮಯ್ಯ.

ಮೇಷ್ಟ್ರು ತಿದ್ದಿದ ಹಾಳೆಯ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಅಂದು ನನಗೆ ಬಂದದ್ದು ಇಪ್ಪತ್ತೆರಡು. ನಿನ್ನದನ್ನು ನೀನೇ ಎಣಿಸಿಕೋ. ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು.

ನಾನಿಲ್ಲದ ದಾರಿಯಲ್ಲಾದರೂ ಸರಿ, ನಿನಗೆ ಒಳ್ಳೆಯದಾಗಲಿ.

ಎಲ್ಲ ನೋಡಿಯೂ ಬಾಯಿ ಬಿಡದ,
ಟ್ವೈಲಾ